ಮಗಳಿಗೆ ಆರು, ಮಗನಿಗೆ ಎರಡೂವರೆ: ವಂಡರ್‌ಲಾಕ್ಕೆ ಹೋಗುವ ಮುನ್ನ

ಪ್ರಶ್ನೆ: ನಾವು ದಾವಣಗೆರೆಯವರು. ದಸರಾ ರಜೆಯಲ್ಲಿ ಮಕ್ಕಳನ್ನು ಬಿಡದಿಯ ವಂಡರ್‌ಲಾಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದ ಮೈಸೂರನ್ನೂ ನೋಡಿಕೊಂಡು ಬರಬೇಕೆಂದಿದ್ದೇವೆ. ಮಗಳಿಗೆ ಆರು ವರ್ಷ, ಮಗನಿಗೆ ಎರಡೂವರೆ. ಅರವತ್ತೈದು ದಾಟಿದ ಅತ್ತೆಯವರೂ ಬರುತ್ತಾರೆ. ಇಷ್ಟು ಸಣ್ಣ ಮಕ್ಕಳಿಗೆ ಅಲ್ಲಿ ಆಡಲು ಏನಾದರೂ ಇದೆಯೇ, ಅಥವಾ ಟಿಕೆಟ್ ದುಡ್ಡು ದಂಡವೇ? ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ನೇರ ಅಲ್ಲಿಗೇ ಹೋಗುವ ಯೋಚನೆಯಿದೆ. ನೀರಾಟದ ಬಗ್ಗೆ ಸ್ವಲ್ಪ ಹೆದರಿಕೆಯೂ ಇದೆ.

ಉತ್ತರ: ದುಡ್ಡು ದಂಡವಾಗುವುದಿಲ್ಲ. ಆದರೆ ದೊಡ್ಡವರು ಗೆಳೆಯರ ಜತೆ ಹೋದಾಗ ಕಾಣುವ ವಂಡರ್‌ಲಾ ಬೇರೆ, ಎರಡೂವರೆ ವರ್ಷದ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಾಗ ಸಿಗುವ ವಂಡರ್‌ಲಾ ಬೇರೆ. ಅರವತ್ತಕ್ಕೂ ಹೆಚ್ಚು ರೈಡ್‌ಗಳಲ್ಲಿ ನಿಮ್ಮ ಮಗನಿಗೆ ದಕ್ಕುವುದು ಕೆಲವೇ ಕೆಲವು. ಇದನ್ನು ಮನೆಯಲ್ಲೇ ಒಪ್ಪಿಕೊಂಡು ಹೊರಟರೆ ದಿನ ಸುಖವಾಗಿ ಹೋಗುತ್ತದೆ. ‘ಟಿಕೆಟ್ ಕೊಟ್ಟಿದ್ದೇವೆ, ಎಲ್ಲ ಮುಗಿಸಲೇಬೇಕು’ ಎಂದು ಹೊರಟವರ ಮಕ್ಕಳು ಮಧ್ಯಾಹ್ನ ಮೂರಕ್ಕೆಲ್ಲ ಅತ್ತು ಕರೆದು ಸುಸ್ತಾಗಿರುತ್ತಾರೆ.

ಮೊದಲು ಮಾಡಬೇಕಾದ ಕೆಲಸ ಇಬ್ಬರು ಮಕ್ಕಳ ಎತ್ತರ ಅಳೆಯುವುದು. ಇಂಥ ಪಾರ್ಕುಗಳಲ್ಲಿ ಟಿಕೆಟ್ಟೂ ರೈಡೂ ಎರಡೂ ನಿಲ್ಲುವುದು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕುಳ್ಳಗಿರುವ ಮಗುವಿಗೆ ಪ್ರವೇಶ ಉಚಿತ, 85ರಿಂದ 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್, ಅದಕ್ಕೆ ಮೇಲೆ ದೊಡ್ಡವರ ಟಿಕೆಟ್. ‘ಮಗನಿಗೆ ಇನ್ನೂ ಮೂರು ತುಂಬಿಲ್ಲ, ಅವನಿಗೆ ಟಿಕೆಟ್ ಬೇಡ’ ಎಂದುಕೊಂಡು ಬಂದು ಗೇಟಿನಲ್ಲಿ ಮುಖ ಸಣ್ಣ ಮಾಡಿಕೊಳ್ಳುವವರು ಬಹಳ. ಸರಿಯಾಗಿ ಬೆಳೆಯುತ್ತಿರುವ ಮಗು ಎರಡು ವರ್ಷಕ್ಕೇ 86-87 ಸೆಂ.ಮೀ. ಆಸುಪಾಸು ಇರುತ್ತದೆ, ಎರಡೂವರೆಗೆ 90 ದಾಟಿರುತ್ತದೆ. ಹಾಗಾಗಿ ಮಗನಿಗೂ ಮಕ್ಕಳ ಟಿಕೆಟ್ ಲೆಕ್ಕ ಹಾಕಿಕೊಳ್ಳಿ. ಆರು ವರ್ಷದ ಮಗಳು 115ರ ಆಸುಪಾಸು ಇರಬಹುದು.

ಅಳೆಯುವ ಕ್ರಮ ಹೀಗೆ: ಚಪ್ಪಲಿ ಬಿಚ್ಚಿಸಿ, ಜುಟ್ಟು ಬಿಚ್ಚಿಸಿ, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ. ನೆತ್ತಿಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಅಡ್ಡ ಇಟ್ಟು, ಅದು ಗೋಡೆಗೆ ತಾಗಿದ ಕಡೆ ಪೆನ್ಸಿಲ್ ಗೀರು ಹಾಕಿ ಟೇಪು ಹಿಡಿಯಿರಿ. ಬೆಳಿಗ್ಗೆ ಎದ್ದಾಗ ಇರುವ ಎತ್ತರ ಸಂಜೆಗೆ ಅರ್ಧದಿಂದ ಒಂದು ಸೆಂ.ಮೀ. ಇಳಿದಿರುತ್ತದೆ. ಗಡಿಯಲ್ಲಿರುವ ಮಗುವಾದರೆ ಇದನ್ನೂ ನೆನಪಿಟ್ಟುಕೊಳ್ಳಿ. ಅಳತೆ ಸಿಕ್ಕ ಮೇಲೆ ಪಾರ್ಕಿನ ವೆಬ್‌ಸೈಟಿನಲ್ಲಿ ಪ್ರತಿ ರೈಡಿಗೂ ಕೊಟ್ಟಿರುವ ಎತ್ತರದ ಮಿತಿ ನೋಡಿ, ಮಗಳಿಗೆ ಸಿಗುವುದೆಷ್ಟು, ಇಬ್ಬರಿಗೂ ಸಿಗುವುದೆಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಗಳ ಕಣ್ಣಿಗೆ ಮೊದಲು ಬೀಳುವುದು ರಿಕಾಯಿಲ್‌ನಂಥ ತಲೆಕೆಳಗಾಗುವ ರೋಲರ್ ಕೋಸ್ಟರ್. ಅದು ಈ ವರ್ಷ ಸಿಗುವುದಿಲ್ಲ ಎಂಬುದನ್ನು ಅವಳಿಗೆ ಊರಿನಲ್ಲೇ ತಿಳಿಸಿ. ಸರದಿಯಲ್ಲಿ ನಲವತ್ತು ನಿಮಿಷ ನಿಂತು, ಎತ್ತರದ ಕೋಲಿನ ಹತ್ತಿರ ವಾಪಸ್ ಕಳಿಸಿದರೆ ಆ ಬೇಸರ ಇಡೀ ದಿನವನ್ನು ಹಿಡಿಯುತ್ತದೆ.

ಈ ಎತ್ತರದ ಮಿತಿಯ ಬಗ್ಗೆ ಸಿಬ್ಬಂದಿಯ ಜತೆ ವಾದಕ್ಕೆ ಇಳಿಯಬೇಡಿ. ಅದು ಮಗುವಿನ ಧೈರ್ಯದ ಪರೀಕ್ಷೆಯಲ್ಲ. ತೊಡೆಯ ಮೇಲೆ ಬೀಳುವ ಅಡ್ಡಪಟ್ಟಿಯೂ ಭುಜದ ಪಟ್ಟಿಯೂ ಒಂದು ಅಳತೆಯ ಮೈಗೆಂದು ಮಾಡಿದವು. ಅದಕ್ಕಿಂತ ಸಣ್ಣ ಮೈ ಪಟ್ಟಿಯ ಅಡಿಯಿಂದ ಜಾರುತ್ತದೆ. ಇನ್ನೊಂದು ಕಾರಣವೂ ಇದೆ. ಸಣ್ಣ ಮಕ್ಕಳ ತಲೆ ಮೈಗೆ ಹೋಲಿಸಿದರೆ ಭಾರ, ಕುತ್ತಿಗೆಯ ಸ್ನಾಯು ಎಳಸು. ಆದ್ದರಿಂದ ಜೋರಾದ ಎಳೆತ ಅವಕ್ಕೆ ತಡೆಯುವುದಿಲ್ಲ.

ಒಂದೇ ಅಡ್ಡಪಟ್ಟಿ ಇಬ್ಬರ ಮೇಲೆ ಬೀಳುವ ಸೀಟುಗಳಲ್ಲಿ ಗಮನ ಇರಲಿ. ಪಟ್ಟಿ ದೊಡ್ಡವರ ತೊಡೆಗೆ ತಾಗಿ ಅಲ್ಲೇ ನಿಲ್ಲುತ್ತದೆ, ಪಕ್ಕದ ಮಗುವಿನ ಮೇಲೆ ಅರ್ಧ ಅಡಿ ಸಂದು ಉಳಿದಿರುತ್ತದೆ. ತಿರುಗುವ ರೈಡುಗಳಲ್ಲಿ ಮೈಯನ್ನು ಹೊರಗಡೆಗೆ ಒತ್ತುವ ಬಲ ಇರುವುದರಿಂದ ದೊಡ್ಡವರು ಹೊರಬದಿಗೆ, ಮಗು ಒಳಬದಿಗೆ ಕೂರಬೇಕು. ಉಲ್ಟಾ ಕೂತರೆ ನಿಮ್ಮ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಇನ್ನು ಹೊರಡುವ ವಿಚಾರ. ರಾತ್ರಿ ಬಸ್ಸಿಳಿದು ನೇರ ಪಾರ್ಕಿಗೆ ಹೋಗುವುದು ಬೇಡ. ಬಸ್ಸಿನಲ್ಲಿ ಮಕ್ಕಳು ಮಲಗಿದಂತೆ ಕಂಡರೂ ನಿದ್ದೆ ತುಂಡು ತುಂಡಾಗಿರುತ್ತದೆ. ಬೆಳಿಗ್ಗೆ ಐದಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದರೆ ಪಾರ್ಕಿನ ಗೇಟು ತೆರೆಯುವ ಹನ್ನೊಂದರವರೆಗೆ ಆರು ಗಂಟೆ ಎಲ್ಲಿ ಕಳೆಯುತ್ತೀರಿ? ಅತ್ತೆಯವರಿಗೂ ಕಷ್ಟ. ಹಿಂದಿನ ದಿನ ಹಗಲಿನ ರೈಲಿಗೆ ಬಂದು, ಕೆಂಗೇರಿ ಇಲ್ಲವೇ ಬಿಡದಿ ಕಡೆ ರೂಮು ಮಾಡಿ ರಾತ್ರಿ ಒಂಬತ್ತಕ್ಕೆ ಮಕ್ಕಳನ್ನು ಮಲಗಿಸಿ. ಪಾರ್ಕಿನ ಪಕ್ಕದಲ್ಲೇ ಅವರದೇ ರೆಸಾರ್ಟ್ ಇದೆ. ಖರ್ಚು ಹೆಚ್ಚು, ಆದರೆ ಮಧ್ಯಾಹ್ನ ಮಗುವನ್ನು ಮಲಗಿಸಲು ರೂಮು ಹತ್ತಿರವಿದ್ದರೆ ಅದರ ಬೆಲೆಯೇ ಬೇರೆ. ಬುಕ್ ಮಾಡುವಾಗ, ಪಾರ್ಕಿನಿಂದ ಹೊರಬಂದರೆ ಅದೇ ದಿನ ಮತ್ತೆ ಒಳಗೆ ಬಿಡುತ್ತಾರೆಯೇ ಎಂದು ಕೇಳಿಕೊಳ್ಳಿ.

ಬೆಂಗಳೂರು ರೈಲು ನಿಲ್ದಾಣದಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ಕೆಂಗೇರಿ ದಾಟಿ ಕೊನೆಯ ನಿಲ್ದಾಣ ಚಲ್ಲಘಟ್ಟದವರೆಗೆ ಟ್ರಾಫಿಕ್ ಕಾಟವಿಲ್ಲ. ಅಲ್ಲಿಂದ ಮುಂದಕ್ಕೆ ಟ್ಯಾಕ್ಸಿ. ಸ್ವಂತ ಕಾರಿನಲ್ಲಿ ಬರುವವರು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಕಣ್ಣುಮುಚ್ಚಿ ಹೋದರೆ ಬಿಡದಿ ದಾಟಿಬಿಡುತ್ತಾರೆ. ಸರ್ವಿಸ್ ರಸ್ತೆಗೆ ಎಲ್ಲಿ ಇಳಿಯಬೇಕೆಂಬುದನ್ನು ಹೊರಡುವ ಮೊದಲೇ ಮ್ಯಾಪಿನಲ್ಲಿ ನೋಡಿಕೊಳ್ಳಿ. 2023ರ ಆಗಸ್ಟಿನಿಂದ ಆಟೊ ಮತ್ತು ಬೈಕುಗಳಿಗೆ ಆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಹಾಗಾಗಿ ಆಟೊದಲ್ಲಿ ಹೊರಟರೆ ಸರ್ವಿಸ್ ರಸ್ತೆಯ ಉದ್ದಕ್ಕೂ ಹೋಗಬೇಕು, ಸಮಯ ಜಾಸ್ತಿ ಹಿಡಿಯುತ್ತದೆ.

ದಿನ ಯಾವುದು ಎಂಬುದು ಟಿಕೆಟ್ ದರದಷ್ಟೇ ಮುಖ್ಯ. ದಸರಾ ರಜೆಯಲ್ಲಿ ಶನಿವಾರ, ಭಾನುವಾರ, ಅಕ್ಟೋಬರ್ 2, ಆಯುಧಪೂಜೆಯ ಸುತ್ತಿನ ದಿನಗಳನ್ನು ಬಿಡಿ. ನವರಾತ್ರಿಯ ಮೊದಲ ಭಾಗದಲ್ಲಿ ಬರುವ ಮಂಗಳವಾರ, ಬುಧವಾರ, ಗುರುವಾರ ನೋಡಿ. ವಾರದ ದಿನ ಟಿಕೆಟ್ಟೂ ಅಗ್ಗ. ಆನ್‌ಲೈನಿನಲ್ಲಿ ದಿನಾಂಕ ಹಾಕಿ ಮುಂಗಡ ಕೊಂಡರೆ ಕೌಂಟರಿನ ಸರದಿಯೂ ತಪ್ಪುತ್ತದೆ. ಅತ್ತೆಯವರಿಗೆ ಹಿರಿಯ ನಾಗರಿಕರ ರಿಯಾಯಿತಿ ಸಿಗುತ್ತದೆ, ಅವರ ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಹೆಚ್ಚು ದುಡ್ಡು ಕೊಟ್ಟು ಸರದಿ ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ನಿಮಗೆ ಬೇಡವೇ ಬೇಡ. ಉದ್ದದ ಸರದಿ ಇರುವುದು ದೊಡ್ಡ ರೈಡುಗಳಿಗೆ, ಅವು ನಿಮ್ಮ ಮಕ್ಕಳಿಗೆ ಸಿಗುವುದಿಲ್ಲ. ರಜೆಯ ಕಟ್ಟು ಇಲ್ಲದವರಾದರೆ ಜೂನ್ ಎರಡನೇ ವಾರದಿಂದ ಆಗಸ್ಟ್ ತನಕದ ವಾರದ ದಿನಗಳು ಎಲ್ಲಕ್ಕಿಂತ ಖಾಲಿ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ, ನೀರೂ ಕೊರೆಯುತ್ತಿರುತ್ತದೆ.

ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಿಸಿ. ಬೆಣ್ಣೆ ಕಡಿಮೆ ಹಾಕಿಸಿ, ಹಾಲು ಲೋಟಗಟ್ಟಲೆ ಕುಡಿಸಬೇಡಿ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ತಿರುಗಾಟದ ವಾಂತಿ ಎಲ್ಲರಿಗಿಂತ ಜಾಸ್ತಿ. ಹೊಟ್ಟೆ ಪೂರ್ತಿ ಖಾಲಿ ಇದ್ದರೂ ತೊಂದರೆ, ಬಿರಿಯುವಷ್ಟು ತುಂಬಿದ್ದರೂ ತೊಂದರೆ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಮಗನಿಗೆ ರಾಗಿ ಸರಿಯೋ ಮೆತ್ತನೆ ಅನ್ನವೋ ಒಯ್ಯಬೇಕೆಂದಿದ್ದರೆ ಟಿಕೆಟ್ ಕೊಳ್ಳುವಾಗಲೇ ಫೋನ್ ಮಾಡಿ ಕೇಳಿ, ಗೇಟಿನಲ್ಲಿ ತೆಗೆದು ತೋರಿಸಿ.

ಹನ್ನೊಂದಕ್ಕೆ ಗೇಟು ತೆರೆದ ಕೂಡಲೇ ಜನರೆಲ್ಲ ದೊಡ್ಡ ರೈಡುಗಳ ಕಡೆ ಓಡುತ್ತಾರೆ. ನೀವು ಮಕ್ಕಳ ವಿಭಾಗಕ್ಕೆ ಹೋಗಿ. ಮೊದಲ ಒಂದು ಗಂಟೆ ಅಲ್ಲಿ ಹೆಚ್ಚು ಕಾಯಬೇಕಾಗುವುದಿಲ್ಲ. ಕುದುರೆಗಳ ಮೆರ್ರಿ-ಗೋ-ರೌಂಡ್‌ನಿಂದಲೇ ಶುರುಮಾಡಿ. ಹೊಸ ರೈಡ್ ಕಂಡಾಗ ಒಂದು ಸುತ್ತು ಹೊರಗೆ ನಿಂತು ನೋಡಲು ಬಿಡಿ. ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ ಎಂದು ಕಂಡ ಮಗುವಿಗೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ‘ಬೇಡ’ ಎಂದರೆ ಬಿಡಿ. ಒತ್ತಾಯ ಮಾಡಿ ಹತ್ತಿಸಿದ ಮಗು ರೈಡ್ ನಡೆಯುತ್ತಿರುವಾಗಲೇ ಎದ್ದು ನಿಲ್ಲಲು ನೋಡುತ್ತದೆ, ಅಪಾಯ ಇರುವುದು ಅಲ್ಲೇ. ಕತ್ತಲೆಯ ಒಳಾಂಗಣ ರೈಡುಗಳಿಗೆ ಮಗನನ್ನು ಕರೆದೊಯ್ಯಬೇಡಿ. ಎರಡೂವರೆ ವರ್ಷಕ್ಕೆ ಕತ್ತಲೆ ಮತ್ತು ಜೋರು ಸದ್ದು ಎರಡೂ ಸೇರಿದರೆ ತಡೆಯುವುದಿಲ್ಲ.

ಹನ್ನೆರಡೂ ಕಾಲಿಗೆಲ್ಲ ಊಟ ಮುಗಿಸಲು ಕೂತುಬಿಡಿ. ಒಂದು ಗಂಟೆಗೆ ಹೋದರೆ ಹೋಟೆಲಿನ ಸರದಿಯಲ್ಲೇ ಮಗು ಹಸಿವೆಯಿಂದ ರಂಪ ಮಾಡುತ್ತದೆ. ಮೊಸರನ್ನ, ಇಡ್ಲಿಯಂಥ ಸಪ್ಪೆ ಊಟ ಸಾಕು. ಊಟವಾದ ಮೇಲೆ ಮುಕ್ಕಾಲು ಗಂಟೆ ತಿರುಗುವ ರೈಡ್ ಬೇಡ. ಆ ಹೊತ್ತಿನಲ್ಲಿ ಲಾಕರ್ ಹಿಡಿದು ನೀರಿನ ಬಟ್ಟೆ ಹಾಕಿಸಿ, ಒಂದರ ಸುಮಾರಿಗೆ ನೀರಿಗೆ ಇಳಿಸಿ. ‘ಸುಡುಬಿಸಿಲಿನಲ್ಲಿ ನೀರಾಟವೇ?’ ಎಂದು ಕೇಳಬಹುದು. ಏಪ್ರಿಲ್-ಮೇ ಆಗಿದ್ದರೆ ಮೂರರ ನಂತರ ಎನ್ನುತ್ತಿದ್ದೆವು. ಆದರೆ ದಸರಾ ಹೊತ್ತಿಗೆ ದಕ್ಷಿಣ ಒಳನಾಡಿನಲ್ಲಿ ಗುಡುಗುಮಳೆ ಸಾಮಾನ್ಯವಾಗಿ ಹಿಡಿಯುವುದು ಮೂರು-ನಾಲ್ಕರ ಮೇಲೆ. ಸಿಡಿಲಿನ ಸೂಚನೆ ಇದ್ದರೆ ನೀರಿನಿಂದ ಎಲ್ಲರನ್ನೂ ಎಬ್ಬಿಸುತ್ತಾರೆ, ಎತ್ತರದ ರೈಡುಗಳನ್ನೂ ನಿಲ್ಲಿಸುತ್ತಾರೆ. ಜತೆಗೆ ಒಂದು ಗಂಟೆಯ ಹೊತ್ತಿಗೆ ನೀರು ಸ್ವಲ್ಪ ಬೆಚ್ಚಗಾಗಿರುತ್ತದೆ. ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಮಗನನ್ನು ಮೇಲೆತ್ತಿ ಟವೆಲ್ ಸುತ್ತಿ ಕೂರಿಸಿ. ತುಟಿ ನೀಲಿಗಟ್ಟಿದರೆ, ಹಲ್ಲು ಕಟಕಟ ಎಂದರೆ ಆ ದಿನದ ನೀರಾಟ ಅವನಿಗೆ ಮುಗಿಯಿತು ಎಂದೇ ತಿಳಿಯಿರಿ.

ಬಟ್ಟೆಯ ನಿಯಮ ಗಟ್ಟಿಯಾಗಿದೆ. ನೈಲಾನ್, ಪಾಲಿಯೆಸ್ಟರ್, ಲೈಕ್ರಾ ಬಟ್ಟೆಗೆ ಮಾತ್ರ ಅವಕಾಶ, ಹತ್ತಿ ಬಟ್ಟೆ ನಡೆಯುವುದಿಲ್ಲ. ಹತ್ತಿ ನೀರು ಕುಡಿದು ಭಾರವಾಗಿ ಮೈಗೆ ಜೋತುಬೀಳುತ್ತದೆ, ಜಾರುಬಂಡೆಯ ಮೇಲೆ ಸರಿಯುವುದಿಲ್ಲ, ಅದರ ಎಳೆಗಳು ಕೊಳದ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತವೆ. ಲೋಹದ ಜಿಪ್, ಗುಂಡಿ ಇದ್ದರೆ ಫೈಬರ್ ಜಾರುಬಂಡೆ ಗೀರುತ್ತದೆ. ಮಕ್ಕಳಿಗೆ ಪೂರ್ತಿ ತೋಳಿನ, ಮೊಣಕಾಲಿನವರೆಗೆ ಬರುವ ಈಜುಡುಗೆಯನ್ನು ದಾವಣಗೆರೆಯಲ್ಲೇ ಕೊಳ್ಳಿ. ಬಣ್ಣ ಕಿತ್ತಳೆ, ಗಿಳಿಹಸಿರು, ಗಾಢ ಗುಲಾಬಿ ಇರಲಿ. ನೀಲಿ ಮತ್ತು ಬಿಳಿ ಬೇಡ, ನೀಲಿ ತಳದ ಕೊಳದಲ್ಲಿ ಆ ಬಣ್ಣದ ಮಗು ಮುಳುಗಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಮಗನಿಗೆ ಮಾಮೂಲಿ ಡಯಾಪರ್ ಹಾಕಿ ನೀರಿಗೆ ಬಿಡಬೇಡಿ. ಅದು ನೀರು ಹೀರಿ ಊದಿ ಒಡೆದು ಒಳಗಿನ ಜೆಲ್ ಹೊರಗೆ ಬರುತ್ತದೆ. ಈಜಿಗೆಂದೇ ಬರುವ ಡಯಾಪರ್ ಮೂರು ಇಟ್ಟುಕೊಳ್ಳಿ, ಅರ್ಧ ಗಂಟೆಗೊಮ್ಮೆ ನೋಡಿ ಬದಲಿಸಿ. ಕಾಲ್ಗೆಜ್ಜೆ, ಬಳೆ, ಸರ, ಉಡಿದಾರ ಇವನ್ನೆಲ್ಲ ರೂಮಿನಲ್ಲೇ ಬಿಚ್ಚಿಡಿ. ಜಾರುವಾಗ ಸಿಕ್ಕಿಹಾಕಿಕೊಂಡರೆ ಗಾಯ, ಕಳೆದರೆ ನಷ್ಟ. ಅತ್ತೆಯವರು ಸೀರೆಯಲ್ಲೇ ಇರುವವರಾದರೆ ಅವರಿಗೆ ದಡದಲ್ಲಿ ನೆರಳಿರುವ ಜಾಗ ನೋಡಿ ಕೂರಿಸಿ.

ಈಗ ನಿಮ್ಮ ಹೆದರಿಕೆಯ ಮಾತು. ಹೆದರಿಕೆ ಸರಿಯಾದದ್ದೇ. ಮುಳುಗುವ ಮಗು ಕೂಗಿ ಕರೆಯುತ್ತದೆ, ಕೈ ಬಡಿಯುತ್ತದೆ ಎಂಬುದು ನಮ್ಮೆಲ್ಲರ ತಲೆಯಲ್ಲಿರುವ ಚಿತ್ರ. ನಡೆಯುವುದು ಹಾಗಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುವಾಗ ಮಗುವಿಗೆ ಕೂಗಲು ಉಸಿರೇ ಇರುವುದಿಲ್ಲ. ಅರ್ಧ ನಿಮಿಷದೊಳಗೆ ಸದ್ದಿಲ್ಲದೆ ಮುಳುಗಿಬಿಡುತ್ತದೆ, ಅದೂ ಮೊಣಕಾಲುದ್ದ ನೀರಿನಲ್ಲಿ. ಆದ್ದರಿಂದ ಮಗ ನೀರಿನಲ್ಲಿರುವಷ್ಟು ಹೊತ್ತೂ ಯಾರಾದರೂ ಒಬ್ಬರು ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಇರಬೇಕು. ದಡದಲ್ಲಿ ಕೂತು ನೋಡುವುದು ಕಾವಲು ಅನ್ನಿಸಿಕೊಳ್ಳುವುದಿಲ್ಲ.

ಮನೆಮಂದಿಯೆಲ್ಲ ಇದ್ದಾಗಲೇ ಅನಾಹುತ ಹೆಚ್ಚು, ಏಕೆಂದರೆ ಅಪ್ಪ ನೋಡುತ್ತಿದ್ದಾರೆ ಎಂದು ಅಮ್ಮ, ಅಮ್ಮ ನೋಡುತ್ತಿದ್ದಾಳೆ ಎಂದು ಅಪ್ಪ. ಇದಕ್ಕೆ ಒಂದು ಉಪಾಯ: ಒಂದು ಟೋಪಿ ಗೊತ್ತುಮಾಡಿಕೊಳ್ಳಿ. ಟೋಪಿ ಯಾರ ತಲೆಯ ಮೇಲಿದೆಯೋ ಆ ಹದಿನೈದು ನಿಮಿಷ ಮಕ್ಕಳ ಹೊಣೆ ಅವರದು. ಅವರು ಫೋನ್ ಮುಟ್ಟುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಬಿಟ್ಟು ಹೋಗಬೇಕಾದರೆ ‘ಈಗ ನೀನು ನೋಡಿಕೋ’ ಎಂದು ಬಾಯಿಬಿಟ್ಟು ಹೇಳಿ ಟೋಪಿ ದಾಟಿಸಬೇಕು. ಗಾಳಿ ತುಂಬುವ ತೋಳುಪಟ್ಟಿ, ಬಾತುಕೋಳಿ ರಿಂಗುಗಳನ್ನು ನಂಬಬೇಡಿ. ಅವು ಆಟಿಕೆಗಳು. ರಿಂಗು ಮಗುಚಿದರೆ ಮಗುವಿನ ತಲೆ ಕೆಳಗಾಗಿ ಕಾಲು ಮೇಲಾಗುತ್ತದೆ. ಮೈಗೆ ಬಿಗಿಯಾಗಿ ಕೂರುವ ಲೈಫ್ ಜಾಕೆಟ್ ಹಾಕಿಸಿ, ಭುಜದಲ್ಲಿ ಹಿಡಿದು ಮೇಲೆತ್ತಿದಾಗ ಅದು ಕಿವಿಯವರೆಗೆ ಜಾರಬಾರದು.

ಮಗನಿಗೆ ಮಕ್ಕಳ ಕೊಳ ಸಾಕು. ಅಲೆಕೊಳಕ್ಕೆ ಅವನನ್ನು ಕರೆದೊಯ್ಯಲೇಬೇಡಿ. ಮಗಳನ್ನು ಕರೆದೊಯ್ದರೆ ಅವಳ ಮೊಣಕಾಲು ದಾಟದಷ್ಟು ನೀರಿರುವ ಅಂಚಿನಲ್ಲೇ ನಿಲ್ಲಿ, ಕೈ ಹಿಡಿದುಕೊಂಡೇ ಇರಿ. ಅಲೆ ಶುರುವಾಗುವ ಸೈರನ್ ಕೂಗಿದ ಕೂಡಲೇ ಜನ ಆಳದ ಕಡೆಗೆ ನುಗ್ಗುತ್ತಾರೆ, ಅಲೆ ಬಂದಾಗ ಎಲ್ಲರೂ ಹಿಂದಕ್ಕೆ ಬೀಳುತ್ತಾರೆ. ಮೊಣಕಾಲುದ್ದ ಇದ್ದ ನೀರು ಒಂದು ಅಲೆಗೆ ಸೊಂಟಕ್ಕೆ ಬರುತ್ತದೆ.

ಜಾರುಬಂಡೆಯ ವಿಷಯದಲ್ಲಿ ಅಪ್ಪ-ಅಮ್ಮಂದಿರು ಪ್ರೀತಿಯಿಂದಲೇ ಮಾಡುವ ತಪ್ಪೊಂದಿದೆ: ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದು. ಮಗುವಿನ ಪಾದ ಜಾರುಬಂಡೆಯ ಅಂಚಿಗೋ ತಳಕ್ಕೋ ತಾಗಿ ಅಲ್ಲೇ ನಿಲ್ಲುತ್ತದೆ, ಹಿಂದಿನಿಂದ ದೊಡ್ಡವರ ಪೂರಾ ಭಾರ ಮುಂದಕ್ಕೆ ತಳ್ಳುತ್ತದೆ, ಮೊಣಕಾಲಿನ ಕೆಳಗಿನ ಮೂಳೆ ತಿರುಚಿ ಬಿರುಕು ಬಿಡುತ್ತದೆ. ಮಗು ಒಂದೇ ಜಾರಿದ್ದರೆ ಪಾದ ಸಿಕ್ಕಿದರೂ ಅದರ ಸಣ್ಣ ಭಾರಕ್ಕೆ ಅಷ್ಟು ಪೆಟ್ಟಾಗುವುದಿಲ್ಲ. ಒಬ್ಬನೇ ಜಾರಬಲ್ಲ ಗಿಡ್ಡ ಜಾರುಬಂಡೆಯಲ್ಲಿ ಬಿಡಿ, ಕೆಳಗೆ ನೀವು ನಿಂತು ಹಿಡಿದುಕೊಳ್ಳಿ.

ನೀರಿಗಿಳಿಯುವ ಮುಂಚೆ ಎಲ್ಲರೂ ಷವರಿನಡಿ ಚೆನ್ನಾಗಿ ಮೈ ತೊಳೆದುಕೊಳ್ಳಿ. ಕೊಳದ ನೀರಿಗೆ ಕಣ್ಣು ಉರಿಯುವುದು ಕ್ಲೋರಿನ್ ಹೆಚ್ಚಾದ್ದರಿಂದಲೇ ಅಲ್ಲ. ಬೆವರು, ಎಣ್ಣೆ, ಮೂತ್ರ ಕ್ಲೋರಿನ್ ಜತೆ ಸೇರಿ ಆಗುವ ಕ್ಲೋರಮೈನ್ ಎಂಬ ವಸ್ತುವಿನಿಂದ ಉರಿಯುತ್ತದೆ. ಮಕ್ಕಳನ್ನು ಮುಕ್ಕಾಲು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ಯಿರಿ. ಹಿಂದಿನ ದಿನಗಳಲ್ಲಿ ಯಾರಿಗಾದರೂ ಭೇದಿಯಾಗಿದ್ದರೆ ಅವರನ್ನು ನೀರಿಗೆ ಇಳಿಸಲೇಬಾರದು. ಭೇದಿ ತರುವ ಕೆಲವು ಪರೋಪಜೀವಿಗಳು ಕ್ಲೋರಿನ್ ಹಾಕಿದ ನೀರಿನಲ್ಲೂ ದಿನಗಟ್ಟಲೆ ಸಾಯುವುದಿಲ್ಲ.

ಎರಡೂವರೆಗೆ ನೀರಿನಿಂದ ಎಬ್ಬಿಸಿ ಸ್ನಾನ ಮಾಡಿಸಿ ಒಣ ಬಟ್ಟೆ ಹಾಕಿಸಿ. ಮಗ ತಾನಾಗಿಯೇ ನಿದ್ದೆಗೆ ಜಾರುತ್ತಾನೆ. ಅವನ ಜತೆ ಅತ್ತೆಯವರೂ ನಿಮ್ಮಿಬ್ಬರಲ್ಲಿ ಒಬ್ಬರೂ ಉಳಿದುಕೊಳ್ಳಿ, ಇನ್ನೊಬ್ಬರು ಮಗಳ ಜತೆ ಅವಳ ಎತ್ತರಕ್ಕೆ ಸಿಗುವ ರೈಡುಗಳಿಗೆ ಹೋಗಿ. ನಂತರ ಅದಲು ಬದಲು. ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ದೊಡ್ಡ ರೈಡಿನ ಆಸೆ ತೀರಿಸಿಕೊಳ್ಳಲು ಇದೇ ಹೊತ್ತು. ನಾಲ್ಕಕ್ಕೆ ಮಗ ಎದ್ದ ಮೇಲೆ ಸ್ವಲ್ಪ ತಿಂಡಿ, ಅವನಿಗೆ ಬೆಳಿಗ್ಗೆ ಇಷ್ಟವಾದ ರೈಡೇ ಮತ್ತೊಮ್ಮೆ. ಐದೂವರೆಗೆ ಹೊರಟುಬಿಡಿ. ಮುಚ್ಚುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಹೊರಬಂದು ಪಾರ್ಕಿಂಗೂ ಟ್ಯಾಕ್ಸಿಯೂ ಸಿಗದಂತಾಗುತ್ತದೆ.

ಚೀಲ ಎರಡಿರಲಿ, ಒಂದು ಒಣ ಬಟ್ಟೆಗೆ, ಒಂದು ಒದ್ದೆಗೆ. ಮಗನಿಗೆ ಮೂರು ಜತೆ ಬಟ್ಟೆ, ಮಗಳಿಗೆ ಎರಡು. ದಪ್ಪ ಟರ್ಕಿ ಟವೆಲ್ಲಿಗಿಂತ ತೆಳು ಬೈರಾಸು ವಾಸಿ, ಬೇಗ ಒಣಗುತ್ತದೆ, ಭಾರವೂ ಇಲ್ಲ. ನಡುಹಗಲಿನಲ್ಲಿ ನೆಲ ಕಾದಿರುತ್ತದೆ, ಹಿಂಬದಿ ಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿಸಿ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಬಿಸಿಲಿಗಿಳಿಯುವ ಅರ್ಧ ಗಂಟೆ ಮೊದಲು ಹಚ್ಚಿ, ನೀರಿನಿಂದ ಎದ್ದಾಗಲೆಲ್ಲ ಮತ್ತೆ ಹಚ್ಚಿ. ಓಆರ್‌ಎಸ್ ದೊಡ್ಡ ಪೊಟ್ಟಣ ಎರಡು ಸಾಕು, ಆದರೆ ಒಂದು ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೇ ಕಲಸಬೇಕು. ಕಾಲು ಪುಡಿಯನ್ನು ಒಂದು ಲೋಟಕ್ಕೆ ಅಂದಾಜಿನಲ್ಲಿ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೆಡುಕು.

ಮಕ್ಕಳು ತಪ್ಪಿಸಿಕೊಳ್ಳುವ ಭಯಕ್ಕೂ ಒಂದು ವ್ಯವಸ್ಥೆ ಬೇಕು. ಗೇಟಿನ ಹತ್ತಿರ ಇಬ್ಬರದೂ ಪೂರ್ತಿ ನಿಲುವಿನ ಫೋಟೊ ತೆಗೆಯಿರಿ, ಈಜುಡುಗೆ ಹಾಕಿಸಿದ ಮೇಲೆ ಮತ್ತೊಂದು ತೆಗೆಯಿರಿ. ಎಷ್ಟೋ ಜನ ಮೊದಲನೆಯದನ್ನು ಮಾತ್ರ ತೆಗೆದಿರುತ್ತಾರೆ, ಮಗು ಕಾಣೆಯಾದಾಗ ತೋರಿಸಲು ಕೈಯಲ್ಲಿರುವುದು ಬೇರೆ ಬಟ್ಟೆಯ ಚಿತ್ರ. ಫೋನ್ ನಂಬರನ್ನು ಅಳಿಸದ ಮಾರ್ಕರಿನಲ್ಲಿ ಮುಂಗೈ ಒಳಭಾಗದಲ್ಲಿ ಬರೆಯಿರಿ, ಬಾಲ್‌ಪೆನ್ ನೀರಿಗೆ ನಿಲ್ಲುವುದಿಲ್ಲ. ಮಗಳಿಗೆ ಹೇಳಿಕೊಡಿ: ನಾವು ಕಾಣದಿದ್ದರೆ ಹುಡುಕಿಕೊಂಡು ಓಡಬೇಡ, ನಿಂತಲ್ಲೇ ನಿಂತು ಯೂನಿಫಾರ್ಮ್ ಹಾಕಿದವರನ್ನೋ ಮಕ್ಕಳನ್ನು ಎತ್ತಿಕೊಂಡ ಅಮ್ಮಂದಿರನ್ನೋ ಕೂಗು.

ಮಾರನೆಯ ದಿನ ಬೆಳಿಗ್ಗೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ಮಕ್ಕಳು ಎದ್ದಾಗ ಏಳಲಿ. ಮೈಸೂರಿನ ದಾರಿಯಲ್ಲೇ ರಾಮನಗರದ ಹತ್ತಿರ ಜಾನಪದ ಲೋಕವಿದೆ, ಮುಂದೆ ಚನ್ನಪಟ್ಟಣ. ಅಲ್ಲಿನ ಅರಗಿನ ಬಣ್ಣದ ಮರದ ಬೊಂಬೆ ಕೊಳ್ಳುವಾಗ ಮಗನಿಗೆ ಬಾಯಿಯಲ್ಲಿ ಹಿಡಿಯುವಷ್ಟು ಸಣ್ಣ ಬಿಡಿಭಾಗ ಇಲ್ಲದ್ದನ್ನು ಆರಿಸಿ. ಮೈಸೂರಿನಲ್ಲಿ ಎರಡು ರಾತ್ರಿ ಇರಿ. ಜಂಬೂಸವಾರಿಯ ದಿನದ ನೂಕುನುಗ್ಗಲಿಗೆ ಈ ಮಕ್ಕಳನ್ನು ಒಯ್ಯಬೇಡಿ. ಅದಕ್ಕಿಂತ ನಾಲ್ಕೈದು ದಿನ ಮೊದಲೇ ಅರಮನೆಯ ದೀಪಾಲಂಕಾರ ತೋರಿಸಿ ಹಿಂತಿರುಗಿ. ಮೃಗಾಲಯಕ್ಕೆ ಬೆಳಿಗ್ಗೆ ತೆರೆಯುವ ಹೊತ್ತಿಗೇ ಹೋಗಿ. ಅದರ ವಾರದ ರಜೆ ಮಂಗಳವಾರ. ದಸರಾ ಹೊತ್ತಿನಲ್ಲಿ ಆ ರಜೆ ಬದಲಾಗುವುದುಂಟು, ರೂಮು ಬುಕ್ ಮಾಡುವ ಮೊದಲು ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ.